ಹಡ್ಲಿನ ನೀರನ್ನು ಅಳೆಯುವವರು ಯಾರು? ಚಿಕ್ಕಮಗಳೂರು, ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಬ್ಬರಿಗೂ ನಮಸ್ಕಾರಗಳು.

ಒಂದೇ ಪತ್ರವನ್ನು ಇಬ್ಬರಿಗೆ ಬರೆಯುತ್ತಿರುವುದಕ್ಕೆ ಕಾರಣ ಹೇಮಾವತಿ. ಅವಳು ಹುಟ್ಟುವುದು ಮೂಡಿಗೆರೆ ತಾಲ್ಲೂಕಿನ ಜಾವಳಿಯ ಬಳಿ, ಬಲ್ಲಾಳರಾಯನ ದುರ್ಗದ ಮಗ್ಗುಲಲ್ಲಿ. ಅಣೆಕಟ್ಟೆಗೆ ಸಿಕ್ಕಿ ನಿಲ್ಲುವುದು ಹಾಸನ ಜಿಲ್ಲೆಯ ಗೊರೂರಿನಲ್ಲಿ. ದಾರಿಯುದ್ದಕ್ಕೂ ಅವಳಿಗೆ ನೀರು ಕೊಡುವ, ಹಡ್ಲು ಎಂಬ ಜೌಗು ನೆಲಗಳಿಗೆ ನಿಮ್ಮ ಜಿಲ್ಲೆಗಳ ಗಡಿ ಗೊತ್ತಿಲ್ಲ. ಈ ಹಡ್ಲುಗಳ ವಿಷಯ ಕಂದಾಯದವರದೋ, ಕೃಷಿಯವರದೋ, ಅರಣ್ಯದವರದೋ, ಸಣ್ಣ ನೀರಾವರಿಯವರದೋ ಎಂದು ಪತ್ತೆ ಮಾಡಲು ಹೋಗಿ ನಾನೂ ಸೋತೆ. ಅದಕ್ಕೇ ಬಹಿರಂಗವಾಗಿ ಬರೆಯುತ್ತಿದ್ದೇನೆ, ಯಾರ ಕಣ್ಣಿಗೆ ಬಿದ್ದರೂ ಸರಿ.

ನಾನು ಮೂಡಿಗೆರೆ ತಾಲ್ಲೂಕಿನವನು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾಗಿದ್ದೇನೆ. ಅಪ್ಪನಿಂದ ಬಂದ ನಾಲ್ಕು ಎಕರೆ ಕಾಫಿ ತೋಟವಿದೆ, ಅದರ ಕೆಳಗೆ ಒಂದೂಕಾಲು ಎಕರೆ ಗದ್ದೆ, ಗದ್ದೆಯ ತಲೆಯ ಮೇಲೆ ಒಂದಿಷ್ಟು ಹಡ್ಲು. ಬಯಲುಸೀಮೆಯಿಂದ ಬಂದ ಅಧಿಕಾರಿಗಳಿಗೆ ಹಡ್ಲು ಎಂದರೆ ತಕ್ಷಣ ತಿಳಿಯಲಿಕ್ಕಿಲ್ಲ. ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, ವರ್ಷದ ಹೆಚ್ಚಿನ ತಿಂಗಳು ನೀರು ಜಿನುಗುತ್ತಲೇ ಇರುವ, ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುವ ಜೌಗು ನೆಲ ಅದು. ಹಿರಿಯರು ಅದರ ಕೆಳಭಾಗಕ್ಕೆ ಬದು ಹಾಕಿ ಗದ್ದೆ ಮಾಡಿಕೊಂಡರು. ಮೇಲ್ಭಾಗವನ್ನು ದನ ಮೇಯುವುದಕ್ಕೆ, ಕೆಸುವಿನೆಲೆ ಕೊಯ್ಯುವುದಕ್ಕೆ ಹಾಗೆಯೇ ಬಿಟ್ಟರು. ಚನ್ನಹಡ್ಲು ಎಂಬಂಥ ಊರಿನ ಹೆಸರಿನಲ್ಲೂ ಅದು ಕುಳಿತಿದೆ. ಪಹಣಿಯಲ್ಲಿ ಮಾತ್ರ ಹಡ್ಲು ಎಂಬ ಪದಕ್ಕೆ ಜಾಗವಿಲ್ಲ. ಅಲ್ಲಿ ಇರುವುದು ಖುಷ್ಕಿ (ಒಣ ಹೊಲ), ತರಿ (ಗದ್ದೆ), ಬಾಗಾಯ್ತು (ತೋಟ).

ನಮ್ಮ ಕಡೆ ಮಳೆಗಾಲ ಚೆನ್ನಾಗಿ ನಡೆಯಿತೋ ಇಲ್ಲವೋ ಎಂದು ತಿಳಿಯಲು ಹಳಬರು ಕೇಳುತ್ತಿದ್ದದ್ದು ಎಷ್ಟು ಇಂಚು ಮಳೆಯಾಯಿತು ಎಂದಲ್ಲ. ‘ಜಲ ಎದ್ದಿತೇ?’ ಎಂದು. ಆರಿದ್ರಾ ಮಳೆ ಗುಡ್ಡಕ್ಕೆ ಕುಡಿಸುತ್ತದೆ, ಪುನರ್ವಸು ತುಂಬಿಸುತ್ತದೆ, ಪುಷ್ಯ ಅರ್ಧವಾಗುವ ಹೊತ್ತಿಗೆ ಜಲ ಏಳುತ್ತದೆ. ಕೆರೆ ಕೋಡಿ ಬಿದ್ದ ಹಾಗೆ ಅದಕ್ಕೆ ಸದ್ದಿಲ್ಲ. ಬೆಳಿಗ್ಗೆ ಗದ್ದೆಗೆ ಹೋದರೆ ಧರೆಯ, ಅಂದರೆ ಕಡಿದಾದ ಮಣ್ಣಿನ ಗೋಡೆಯ, ಬುಡದಲ್ಲಿ, ನಿನ್ನೆ ಬರೀ ಒದ್ದೆಯಾಗಿದ್ದ ಜಾಗದಲ್ಲಿ, ಸಣ್ಣ ತೂತಿನಿಂದ ಹೆಬ್ಬೆರಳು ದಪ್ಪದ ನೀರು ಹೊರಗೆ ಬರುತ್ತಿರುತ್ತದೆ. ಸುತ್ತಲೂ ಕೆಂಪು ರಾಡಿ ಹರಿಯುತ್ತಿದ್ದರೂ ಇದು ಮಾತ್ರ ತಿಳಿ. ಅದರ ಬಾಯಲ್ಲಿ ಬಿಳಿ ಮರಳಿನ ಕಾಳುಗಳು ಎಸರಿನಲ್ಲಿ ಅಕ್ಕಿ ಕುಣಿದಂತೆ ಕುಣಿಯುತ್ತಿರುತ್ತವೆ. ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಮೂಲೆಯಲ್ಲೇ ಒಂದು ಜಲವಿತ್ತು. ಅದು ಎದ್ದ ವರ್ಷ ಅಮ್ಮ ಮಳೆಗೆ ಬೈಯುತ್ತ ನೆಲಕ್ಕೆ ಗೋಣಿಚೀಲ ಹಾಸುತ್ತಿದ್ದಳು. ಏಳದ ವರ್ಷ ಬೈಗುಳವೂ ಇರುತ್ತಿರಲಿಲ್ಲ, ಅಪ್ಪ ಮುಂದಿನ ಬೇಸಿಗೆಯ ಲೆಕ್ಕ ಹಾಕಲು ಶುರುಮಾಡುತ್ತಿದ್ದ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಹವಾಮಾನ ಬದಲಾವಣೆಯ ಸಭೆಗಳಲ್ಲಿ ಮಳೆ ಹೆಚ್ಚಾಗುತ್ತದೋ ಕಡಿಮೆಯಾಗುತ್ತದೋ ಎಂಬ ಒಂದೇ ಪ್ರಶ್ನೆ ಕೇಳಿಸುತ್ತದೆ. ಹಡ್ಲಿಗೆ ಅದು ಮುಖ್ಯ ಪ್ರಶ್ನೆಯಲ್ಲ. ಹತ್ತು ದಿನ ಜಿಟಿಜಿಟಿ ಹಿಡಿದು 250 ಮಿಲಿಮೀಟರ್ ಬಿದ್ದರೂ 250, ಎರಡು ರಾತ್ರಿ ಕೊಡದಲ್ಲಿ ಸುರಿದಂತೆ ಸುರಿದರೂ 250. ಪತ್ರಿಕೆಯಲ್ಲಿ ಬರುವ ಮಳೆಯ ಪಟ್ಟಿಯಲ್ಲಿ ಎರಡೂ ಒಂದೇ. ಗುಡ್ಡದ ಮಣ್ಣಿಗೆ ಒಂದೇ ಅಲ್ಲ. ಮಣ್ಣಿಗೆ ಕುಡಿಯುವುದಕ್ಕೊಂದು ವೇಗವಿದೆ, ಅದನ್ನು ಮೀರಿ ಸುರಿದದ್ದು ಮೇಲಿಂದಲೇ ಜಾರಿ ಹಳ್ಳ ಸೇರಿ ಎರಡೇ ದಿನಕ್ಕೆ ಗೊರೂರಿಗೆ ಹೋಗುತ್ತದೆ. ಹಿಂದೆ ಗದ್ದೆಗೆ ಹೊದ್ದು ಹೋಗುತ್ತಿದ್ದ ಕಂಬಳಿಯನ್ನು ನೆನಪಿಸಿಕೊಳ್ಳಿ. ಸೋನೆಯಲ್ಲಿ ಇಡೀ ದಿನ ನೆನೆದ ಕಂಬಳಿಯನ್ನು ಜಗುಲಿಯ ಗೂಟಕ್ಕೆ ಸಿಕ್ಕಿಸಿದರೆ ಬೆಳಗಿನವರೆಗೂ ತೊಟ್ಟಿಕ್ಕುತ್ತಿತ್ತು. ಅದೇ ಕಂಬಳಿಯ ಮೇಲೆ ಒಂದು ಹಂಡೆ ನೀರನ್ನು ಒಮ್ಮೆಲೇ ಎರಚಿ ನೋಡಿ. ಜಗುಲಿ ಕೊಚ್ಚೆಯಾಗುತ್ತದೆ, ಕಂಬಳಿಯ ಒಳಪದರ ಒಣಗಿಯೇ ಇರುತ್ತದೆ.

ತರಗತಿಯಲ್ಲಿ ಹೇಳುತ್ತಿದ್ದ ಪಾಠವನ್ನು ಎರಡು ಸಾಲಿನಲ್ಲಿ ಹೇಳಿಬಿಡುತ್ತೇನೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸುರಿಯುವಾಗ ಆ ಹೆಚ್ಚುವರಿಯೂ ಸೇರಿ ಸುರಿಯುತ್ತದೆ. ಸುರಿಯದ ದಿನಗಳಲ್ಲಿ ಅದೇ ಗಾಳಿ ನೆಲದಿಂದ, ಎಲೆಯಿಂದ, ಕೆರೆಯಿಂದ ಹೆಚ್ಚು ಹೀರುತ್ತದೆ. 1850ರಿಂದ 1900ರವರೆಗಿನ ಸರಾಸರಿಗೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿ ಸುಮಾರು 1.1 ಡಿಗ್ರಿ ಹೆಚ್ಚು ಬಿಸಿಯಾಗಿತ್ತು. ನಮ್ಮ ದೇಶದ ಸರಾಸರಿ ಉಷ್ಣಾಂಶ 1901ರಿಂದ 2018ರ ನಡುವೆ ಸುಮಾರು 0.7 ಡಿಗ್ರಿ ಏರಿದೆ ಎಂದು ಕೇಂದ್ರ ಭೂವಿಜ್ಞಾನ ಸಚಿವಾಲಯದ 2020ರ ವರದಿ ಹೇಳುತ್ತದೆ. 1951ರಿಂದ 2015ರ ನಡುವೆ ದೇಶದ ಮುಂಗಾರು ಮಳೆ ಸುಮಾರು ಶೇ 6ರಷ್ಟು ಇಳಿದಿದೆ, ಎದ್ದು ಕಾಣುವಂತೆ ಇಳಿದ ಕಡೆಗಳಲ್ಲಿ ಪಶ್ಚಿಮ ಘಟ್ಟವೂ ಒಂದು ಎಂಬುದು ಅದೇ ವರದಿಯ ಮಾತು. ಎರಡು ಸಾಲು ಅಂದದ್ದು ಆರು ಸಾಲಾಯಿತು. ಮೇಷ್ಟರ ಚಾಳಿ, ಕ್ಷಮಿಸಬೇಕು.

ಹಾಗೆಂದರೆ ಮಳೆಯ ದಿನಗಳು ಕಡಿಮೆ, ಬಿದ್ದ ದಿನದ ಹೊಡೆತ ಜೋರು, ನಡುವಿನ ಬಿಡುವು ಉದ್ದ. ಈ ಮೂರನ್ನೂ ನಾವು ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿ, ಚನ್ನಹಡ್ಲು ಸುತ್ತಮುತ್ತ ಗುಡ್ಡಗಳು ಜರಿದವು, ಚಾರ್ಮಾಡಿ ಘಾಟಿ ಮುಚ್ಚಿತು. ನನ್ನ ಗದ್ದೆಯ ಮೇಲಿನ ಮೂರು ಬದು ಒಂದೇ ರಾತ್ರಿಯಲ್ಲಿ ಹೋದವು, ಹಡ್ಲಿನ ನಡುವೆ ಆಳೆತ್ತರದ ಕೊರಕಲು ಬಿತ್ತು. 2023ರ ಆಗಸ್ಟ್ ದೇಶದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯ ಆಗಸ್ಟ್. ಆ ವರ್ಷ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ‘ಮಘೆ ಮಳೆ ಬಂದಷ್ಟೂ ಒಳ್ಳೆಯದು, ಮನೆ ಮಗ ಉಂಡಷ್ಟೂ ಒಳ್ಳೆಯದು’ ಎನ್ನುತ್ತಾರಲ್ಲ, ಆ ಮಘೆಯಲ್ಲಿ ನಾನು ಗದ್ದೆಯ ಬದುವಿನ ಮೇಲೆ ಚಪ್ಪಲಿ ಹಾಕಿಕೊಂಡು ನಡೆದೆ. ಜಲ ಏಳಲಿಲ್ಲ. ಮರುವರ್ಷ ಜುಲೈನಲ್ಲಿ ಶಿರಾಡಿ ಘಾಟಿಯ ರಸ್ತೆಯ ಮೇಲೆ ಮಣ್ಣು ಜರಿಯುವಷ್ಟು ಮಳೆ ಬಂತು, ಜಲವೂ ಅಬ್ಬರಿಸಿ ಎದ್ದಿತು. ಆದರೆ ಸಂಕ್ರಾಂತಿ ಕಳೆಯುವಷ್ಟರಲ್ಲಿ ಧರೆಯ ಬುಡ ಒಣಗಿತ್ತು. ಮೊದಲೆಲ್ಲ ಶಿವರಾತ್ರಿಯವರೆಗೂ ಅಲ್ಲಿ ಕೈ ತೊಳೆಯುವಷ್ಟು ನೀರು ಇರುತ್ತಿತ್ತು.

ಹಡ್ಲಿನ ಜಾತಕವಿರುವುದು ಈ ಅವಧಿಯಲ್ಲಿ. ನೀರು ಯಾವಾಗ ಬಂತು, ಎಷ್ಟು ಎತ್ತರ ನಿಂತಿತು, ಎಷ್ಟು ದಿನ ನಿಂತಿತು, ಯಾವಾಗ ಹೋಯಿತು. ಹಡ್ಲು ತಟ್ಟೆಯ ಹಾಗೆ, ಆಳವಿಲ್ಲ, ಅಗಲವಿದೆ. ಚೊಂಬಿನಲ್ಲಿ ಎರಡು ಬೆರಳು ನೀರು ಕಡಿಮೆಯಾದರೆ ಗೊತ್ತೂ ಆಗುವುದಿಲ್ಲ. ತಟ್ಟೆಯಲ್ಲಿ ಎರಡು ಬೆರಳು ಇಳಿದರೆ ಮುಕ್ಕಾಲು ತಟ್ಟೆ ಖಾಲಿ. ಹಾಗಾಗಿ ದೊಡ್ಡ ಜಲಾಶಯಕ್ಕೆ ಲೆಕ್ಕಕ್ಕೇ ಬಾರದಷ್ಟು ಸಣ್ಣ ವ್ಯತ್ಯಾಸ ಹಡ್ಲಿಗೆ ಸಾವು-ಬದುಕಿನ ಪ್ರಶ್ನೆಯಾಗುತ್ತದೆ. ಗೊರೂರಿನ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಈ ದಿನ ಎಷ್ಟಿದೆ, ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂದು ಪತ್ರಿಕೆಗಳು ದಿನವೂ ಅಚ್ಚು ಹಾಕುತ್ತವೆ. ಆ ಜಲಾಶಯಕ್ಕೆ ಮಳೆ ನಿಂತ ಮೇಲೂ ತಿಂಗಳುಗಟ್ಟಲೆ ನೀರು ಬಿಡುವ ಸಾವಿರಾರು ತಟ್ಟೆಗಳಲ್ಲಿ ಒಂದರ ಮಟ್ಟವನ್ನಾದರೂ ಯಾವ ಕಚೇರಿಯಾದರೂ ಬರೆದಿಟ್ಟುಕೊಂಡಿದೆಯೇ?

ನೀರಿನ ಹೊತ್ತು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೊದಲ ದೊಡ್ಡ ಮಳೆಗೆ ಹಳ್ಳ ಕೆಂಪಾದ ರಾತ್ರಿ ಮೀನು ಹತ್ತುತ್ತದೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ತೋಡಿಗೆ, ತೋಡಿನಿಂದ ಗದ್ದೆಗೆ, ಅಲ್ಲಿಂದ ಹಡ್ಲಿನ ಹುಲ್ಲಿನ ಬುಡಕ್ಕೆ. ಮೊಟ್ಟೆ ಇಡುವುದಕ್ಕೆ ಅವಕ್ಕೆ ಬೇಕಾದದ್ದು ಹರಿಯದ, ತೆಳ್ಳನೆಯ, ಹುಲ್ಲು ಇರುವ ನೀರು. ಮರಿಗಳು ದೊಡ್ಡವಾಗಿ ಹೊಳೆಗೆ ಇಳಿಯುವವರೆಗೆ ಆ ನೀರು ಅಲ್ಲೇ ನಿಂತಿರಬೇಕು. ನಾವು ಹುಡುಗರಾಗಿದ್ದಾಗ ಕೂಣಿ (ಮೀನು ಹಿಡಿಯುವ ಬುಟ್ಟಿ) ಒಡ್ಡಿ, ಟಾರ್ಚು ಹಿಡಿದು, ಮೊಣಕಾಲುದ್ದ ನೀರಿನಲ್ಲಿ ಈ ಹತ್ತುಮೀನಿಗೆ ಕಾಯುತ್ತಿದ್ದೆವು. ಮೊಟ್ಟೆ ತುಂಬಿದ ಮೀನನ್ನು ಹಿಡಿಯಬಾರದೆಂದು ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆ ಪಾಪ ನಮ್ಮ ತಲೆಯ ಮೇಲೆಯೇ ಇರಲಿ. ಈಗ ಮಳೆ ಒಂದು ವಾರ ಹುಚ್ಚೆದ್ದು ಹೊಡೆಯುತ್ತದೆ, ಮೀನು ಹತ್ತುತ್ತದೆ. ಆಮೇಲೆ ಹದಿನೈದು ಇಪ್ಪತ್ತು ದಿನ ಬಿಸಿಲು. ತೋಡಿನ ಹೊಂಡಗಳಲ್ಲಿ ಸಿಕ್ಕಿಬಿದ್ದ ಬೆರಳುದ್ದದ ಮರಿಗಳನ್ನು ಬೆಳ್ಳಕ್ಕಿಗಳು ಆರಿಸಿ ಮುಗಿಸುತ್ತವೆ. ಬೆಳ್ಳಕ್ಕಿಗೆ ಆ ವಾರ ಹಬ್ಬ. ಮುಂದಿನ ವರ್ಷದ ಹಬ್ಬಕ್ಕೆ ಮೀನು ಎಲ್ಲಿಂದ ಬರಬೇಕು?

ಕಪ್ಪೆ, ಏಡಿ, ಜೌಗಿನ ಹಕ್ಕಿಗಳಾದ ಹುಂಡುಕೋಳಿಗಳ ಕತೆಯೂ ಸುಮಾರು ಇದೇ. ಕಣ್ಣಿಗೆ ಕಾಣದ ಇನ್ನೊಂದು ಸಂಗತಿಯನ್ನು ಮಾತ್ರ ಹೇಳಬೇಕು. ಹಡ್ಲಿನ ಮೇಲ್ಭಾಗದಲ್ಲಿ ಒಂದು ಗುದ್ದಲಿ ಆಳಕ್ಕೆ ಅಗೆದರೆ ಇದ್ದಿಲಿನಷ್ಟು ಕಪ್ಪಾದ ಮಣ್ಣು ಬರುತ್ತದೆ, ಹಿಂಡಿದರೆ ಕೈಗೆ ನಾರು ಹತ್ತುತ್ತದೆ. ನೀರಿನಡಿ ಗಾಳಿಯಾಡದೆ ಪೂರ್ತಿ ಕೊಳೆಯದೆ ಉಳಿದ ಹುಲ್ಲು, ಎಲೆ, ಬೇರು ಅದು. ನೀರು ಇರುವವರೆಗೆ ಆ ಇಂಗಾಲ ನೆಲದಲ್ಲಿರುತ್ತದೆ, ನೀರು ಬಸಿದರೆ ಗಾಳಿ ಸೋಕಿ ಕೊಳೆತು ಇಂಗಾಲದ ಡೈಆಕ್ಸೈಡ್ ಆಗಿ ಮೇಲೆ ಹೋಗುತ್ತದೆ. ಜೌಗು ನೆಲದಿಂದಲೂ ಗದ್ದೆಯಿಂದಲೂ ಮೀಥೇನ್ ಹೊರಡುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಹಡ್ಲನ್ನು ಒಣಗಿಸುವುದು ಅದಕ್ಕೆ ಮದ್ದಲ್ಲ. ತಲೆತಲಾಂತರಗಳಿಂದ ಒಂದೊಂದೇ ಎಲೆ ಸೇರಿ ಆದ ಮಣ್ಣು ಕೆಲವೇ ಬೇಸಿಗೆಗಳಲ್ಲಿ ಕರಗಿಹೋಗುತ್ತದೆ.

ಇಷ್ಟರವರೆಗೆ ಓದಿದವರು ಎಲ್ಲ ತಪ್ಪನ್ನೂ ಹವಾಮಾನದ ಮೇಲೆ ಹಾಕುತ್ತಿದ್ದಾನೆ ಎಂದುಕೊಂಡಿರಬಹುದು. ಇಲ್ಲ. ಈಚೆಗೆ ಹವಾಮಾನ ಬದಲಾವಣೆ ಎಂಬುದು ಎಲ್ಲರಿಗೂ ಅನುಕೂಲದ ಮಾತಾಗಿದೆ. ರಸ್ತೆ ಕುಸಿದರೂ ಅದೇ, ಮೋರಿ ಕಟ್ಟಿಕೊಂಡರೂ ಅದೇ, ಕೆರೆ ತುಂಬದಿದ್ದರೂ ಅದೇ. ಬಿಸಿಯಾಗುತ್ತಿರುವ ಗಾಳಿ ಐವತ್ತು ವರ್ಷಗಳಲ್ಲಿ ಮಾಡಬಹುದಾದದ್ದನ್ನು ಒಂದು ಜೆಸಿಬಿ ಒಂದು ವಾರದಲ್ಲಿ ಮಾಡಿ ಹೋಗುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡದ್ದು ನನ್ನದೇ ಜಮೀನಿನಲ್ಲಿ.

ಗದ್ದೆ ಮಾಡಿ ಕೈ ಸುಟ್ಟುಕೊಂಡವರ ಪೈಕಿ ನಾನೂ ಒಬ್ಬ. ನಾಟಿಗೆ ಆಳು ಸಿಗುವುದಿಲ್ಲ, ಸಿಕ್ಕಿದರೆ ಕೂಲಿ ಗಿಟ್ಟುವುದಿಲ್ಲ, ಹೊಡೆ ಬಿಚ್ಚುವ ಹೊತ್ತಿಗೆ ಸರಿಯಾಗಿ ಆನೆ ಬರುತ್ತದೆ. ಸಕಲೇಶಪುರ, ಆಲೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವರ್ಷ ಬೇಸತ್ತು ಮೇಲಿನ ಹಡ್ಲನ್ನು ಶುಂಠಿಗೆ ಗುತ್ತಿಗೆ ಕೊಟ್ಟೆ. ಕೈಗೆ ಬಂದ ದುಡ್ಡು ಐದಾರು ವರ್ಷದ ಭತ್ತದಲ್ಲಿ ಉಳಿಯುವುದಕ್ಕಿಂತ ಹೆಚ್ಚಿತ್ತು. ಶುಂಠಿಗೆ ನೀರು ನಿಲ್ಲಬಾರದು, ನಿಂತರೆ ಕೊಳೆ ರೋಗ. ಹಾಗಾಗಿ ಗುತ್ತಿಗೆಯವನು ಮೊದಲು ಮಾಡಿದ ಕೆಲಸ ಬಸಿಗಾಲುವೆ ತೆಗೆಸುವುದು. ಹಡ್ಲಿನ ಉದ್ದಕ್ಕೂ ಎದೆಮಟ್ಟದ ಚರಂಡಿ. ಮೊದಲ ದಿನ ಅದರಲ್ಲಿ ಕರಿಯ ನೀರು ಹರಿಯಿತು, ವಾರವಾದರೂ ಹರಿಯುತ್ತಲೇ ಇತ್ತು. ಅಷ್ಟು ನೀರು ಅಲ್ಲಿ ಇತ್ತೆಂದು ನನಗೇ ಗೊತ್ತಿರಲಿಲ್ಲ. ಶುಂಠಿ ಕಿತ್ತುಕೊಂಡು ಅವನು ಹೋದ. ಚರಂಡಿ ಉಳಿಯಿತು. ಆಮೇಲೆ ನಾನು ಮಣ್ಣು, ಕಲ್ಲು, ಬಿದಿರ ತಟ್ಟಿ ಹಾಕಿ ಅದಕ್ಕೆ ಮೂರು ಕಡೆ ಒಡ್ಡು ಕಟ್ಟಿಸಿದೆ. ಆದರೂ ಜಲ ಮೊದಲಿನ ಜಾಗದಲ್ಲಿ ಏಳುವುದಿಲ್ಲ, ಚರಂಡಿಯ ತಳದಲ್ಲಿ ಎದ್ದು ಹಾಗೆಯೇ ಹೊರಟುಹೋಗುತ್ತದೆ. ಅವನನ್ನು ದೂರುವುದಿಲ್ಲ. ಕರೆದು ಕೊಟ್ಟವನು ನಾನು.

ಕಾಫಿಯವರಾಗಿ ನಾವು ಮಾಡುವ ಇನ್ನೊಂದು ಕೆಲಸವಿದೆ. ರೊಬಸ್ಟಾಕ್ಕೆ ಫೆಬ್ರುವರಿ–ಮಾರ್ಚ್ ಹೊತ್ತಿಗೆ ಹೂಮಳೆ ಬೇಕು. ಅದು ಈಗ ನಂಬುವ ಹಾಗಿಲ್ಲ. 2021ರ ಜನವರಿಯಲ್ಲಿ ಕಾಫಿ ಇನ್ನೂ ಕಣದಲ್ಲಿರುವಾಗಲೇ ಮಳೆ ಸುರಿದದ್ದನ್ನು ಯಾರೂ ಮರೆತಿಲ್ಲ. ಬೇಕಾದಾಗ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕುತ್ತೇವೆ, ಅದಕ್ಕೆ ನೀರು ಹಡ್ಲಿನಲ್ಲಿ ತೋಡಿದ ಹೊಂಡದಿಂದ. ಮಳೆ ಕೈಕೊಟ್ಟ ವರ್ಷವೇ ಹಡ್ಲಿನಿಂದ ಹೆಚ್ಚು ಎತ್ತುತ್ತೇವೆ ಎಂದಾಯಿತು. ಒಂದೇ ಕಣಿವೆಯಲ್ಲಿ ಹತ್ತು ಪಂಪು ಒಂದೇ ವಾರ ಓಡಿದರೆ ಕೆಳಗಿನ ಹಳ್ಳದಲ್ಲಿ ದನಕ್ಕೂ ನೀರಿರುವುದಿಲ್ಲ.

ಸರ್ಕಾರಿ ಕಾಮಗಾರಿಗಳ ಬಗ್ಗೆಯೂ ಒಂದು ಮಾತು. ನಮ್ಮ ಪಕ್ಕದ ಕಣಿವೆಯ ಹಡ್ಲೊಂದರಲ್ಲಿ ಒಂದು ಇಲಾಖೆಯವರು ಅಂತರ್ಜಲ ಹೆಚ್ಚಿಸಲು ಚೌಕಾಕಾರದ ಹೊಂಡ ತೋಡಿಸಿ, ಸುತ್ತ ತಂತಿ ಹಾಕಿ, ಫಲಕ ನೆಟ್ಟು ಹೋದರು. ಬಯಲಿನ ಹೊಲದಲ್ಲಿ ಕೃಷಿ ಹೊಂಡ ಒಳ್ಳೆಯದೇ. ಆದರೆ ಅಂತರ್ಜಲ ತಾನಾಗಿಯೇ ಮೇಲೆ ಬಂದು ನಿಲ್ಲುವ ಜಾಗದಲ್ಲಿ ಹೊಂಡ ತೋಡಿದರೆ ಸುತ್ತಲಿನ ತಟ್ಟೆಯ ನೀರೆಲ್ಲ ಆ ಗುಂಡಿಗೆ ಇಳಿಯುತ್ತದೆ. ಫಲಕದ ಮೇಲೆ ‘ಜಲ ಸಂರಕ್ಷಣೆ’ ಎಂದು ಬರೆದಿದೆ. ಹುಂಡುಕೋಳಿಗಳಿಗೆ ಕನ್ನಡ ಓದಲು ಬಾರದಿರುವುದು ಒಳ್ಳೆಯದೇ ಆಯಿತು.

ಬಯಲು ತಾಲ್ಲೂಕುಗಳ ಮಾತಿಗೆ ಬರುತ್ತೇನೆ. ಒಂದೇ ಜಿಲ್ಲೆಯಲ್ಲಿ ಮೂಡಿಗೆರೆಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರ್ ದಾಟುವ ಮಳೆ, ಕಡೂರಿನಲ್ಲಿ ಆರುನೂರರ ಆಸುಪಾಸು. ಆದರೂ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ಶಕುನಗಿರಿಯ ಬುಡದಲ್ಲಿ ನೀರು ತುಂಬಿಕೊಂಡು ನಿಲ್ಲುತ್ತದೆಂದರೆ ಬಾಬಾಬುಡನ್‌ಗಿರಿಯಿಂದ ಬರುವ ಗೌರಿಹಳ್ಳದಿಂದಾಗಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತೆನ್ನುವ ಕೆರೆ ಅದು. ಗಿರಿಯ ಮೇಲಿನ ಹುಲ್ಲುಗಾವಲು, ಅದರ ಮಡಿಲಿನ ಶೋಲಾ ಕಾಡು ಮಂಜನ್ನೂ ಸೋನೆಯನ್ನೂ ಕುಡಿದು ಸಾವಕಾಶವಾಗಿ ಬಿಟ್ಟುಕೊಡುವವರೆಗೆ ಹಳ್ಳಕ್ಕೆ ಉಸಿರಿರುತ್ತದೆ. ಅಲ್ಲಿಯೂ ಮಳೆ ಒಂದೇ ಸಲಕ್ಕೆ ಸುರಿಯುವ ಹಾಗಾದರೆ ಕೆರೆಗೆ ನೀರಿನ ಜೊತೆ ಹೂಳೂ ಬರುತ್ತದೆ, ತುಂಬಿದ್ದು ಕೋಡಿಯಲ್ಲಿ ಹೋಗುತ್ತದೆ, ಮಳೆ ನಿಂತ ಮೇಲೆ ಹಳ್ಳ ಬೇಗ ಬತ್ತುತ್ತದೆ. ಬೇಸಿಗೆಯಲ್ಲಿ ಬಯಲಿನ ಕೆರೆಯಿಂದ ದಿನಕ್ಕೆ ಐದಾರು ಮಿಲಿಮೀಟರ್ ನೀರು ಆವಿಯಾಗುತ್ತದೆ. ಮೂರು ತಿಂಗಳಿಗೆ ಒಂದೂವರೆ ಅಡಿಗೂ ಹೆಚ್ಚು. ಅಯ್ಯನಕೆರೆ ಅದನ್ನು ತಡೆದುಕೊಂಡೀತು. ಮೂರು ಅಡಿ ನೀರು ನಿಲ್ಲುವ ಊರಕೆರೆಗೆ ಅದು ಅರ್ಧ ಆಯುಷ್ಯ. ಬಿಸಿಲು ಇನ್ನಷ್ಟು ಏರಿದರೆ ಆ ಲೆಕ್ಕವೂ ಏರುತ್ತದೆ. ಹಿಂದೆ ತೂಬು ಎತ್ತುವ ದಿನವನ್ನು ನೀರುಗಂಟಿ ಕೆರೆಯ ಮಟ್ಟ ನೋಡಿ ಗೊತ್ತು ಮಾಡುತ್ತಿದ್ದ. ಈಗ ಬಹಳಷ್ಟು ಕೆರೆಗಳಿಗೆ ನೀರುಗಂಟಿಯೂ ಇಲ್ಲ.

ಇನ್ನು ಕಾನೂನು. ಜೌಗು ಪ್ರದೇಶಗಳ ಸಂರಕ್ಷಣೆ ಮತ್ತು ನಿರ್ವಹಣೆ ನಿಯಮಗಳು 2017ರಲ್ಲಿ ಬಂದವು. ಅದರ ವ್ಯಾಖ್ಯೆಯನ್ನು ನಾನು ಎರಡು ಸಲ ಓದಿದೆ, ತಪ್ಪು ಓದಿದೆನೇನೋ ಎಂದು. ನದಿಯ ಪಾತ್ರ, ಭತ್ತದ ಗದ್ದೆ, ಕುಡಿಯುವ ನೀರಿಗೆಂದು ಕಟ್ಟಿದ ಕೆರೆ, ನೀರಾವರಿಗೆಂದು ಮಾಡಿದ ರಚನೆ, ಇವೆಲ್ಲ ಜೌಗು ಪ್ರದೇಶದ ವ್ಯಾಖ್ಯೆಯಿಂದ ಹೊರಗೆ. ಅಂದರೆ ಹೊಯ್ಸಳರ ಕಾಲದ ಅಯ್ಯನಕೆರೆಯೂ ಹೊರಗೆ, ನನ್ನ ಗದ್ದೆಯೂ ಹೊರಗೆ. ಗದ್ದೆಯ ಮೇಲಿನ ಹಡ್ಲಾದರೂ ಒಳಗೆ ಬರಬೇಕಲ್ಲ ಎಂದರೆ, ದೇಶದ ಜೌಗು ಪ್ರದೇಶಗಳ ಉಪಗ್ರಹ ನಕ್ಷೆಯಲ್ಲಿ ಗಡಿ ಎಳೆದು ಗುರುತಿಸಿದ್ದು 2.25 ಹೆಕ್ಟೇರಿಗಿಂತ, ಅಂದರೆ ಸುಮಾರು ಐದೂವರೆ ಎಕರೆಗಿಂತ, ದೊಡ್ಡದಾದವನ್ನು. ಸುಪ್ರೀಂ ಕೋರ್ಟ್ 2017ರಲ್ಲಿ ರಕ್ಷಿಸಬೇಕೆಂದು ಹೇಳಿದ 2,01,503 ಜೌಗು ಪ್ರದೇಶಗಳ ಪಟ್ಟಿ ಆ ನಕ್ಷೆಯಿಂದಲೇ ಬಂದದ್ದು. ಅದಕ್ಕಿಂತ ಚಿಕ್ಕವು ನಕ್ಷೆಯಲ್ಲಿ ಬರೀ ಚುಕ್ಕಿಗಳು. ನಮ್ಮ ಹಡ್ಲುಗಳಲ್ಲಿ ಹೆಚ್ಚಿನವು ಎರಡು ಮೂರು ಎಕರೆಯವು, ಮೇಲೆ ಮರದ ನೆರಳು ಬೇರೆ, ಉಪಗ್ರಹದ ಕಣ್ಣಿಗೆ ಚುಕ್ಕಿಯಾಗಿಯೂ ಕಾಣಲಿಕ್ಕಿಲ್ಲ. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಯಲ್ಲಿ ಕರ್ನಾಟಕದಿಂದ ರಂಗನತಿಟ್ಟು, ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆ ಸೇರಿದಾಗ ನಾನೂ ಖುಷಿಪಟ್ಟವನೇ. ಆದರೆ ಅಂಥ ಹೆಸರುವಾಸಿ ಜಾಗಗಳಿಗೆ ಹಕ್ಕಿ ನೋಡುವವರಾದರೂ ಕಾವಲಿರುತ್ತಾರೆ.

ಪಕ್ಕದ ಕೇರಳದವರು 2008ರಲ್ಲೇ ಭತ್ತದ ಗದ್ದೆ ಮತ್ತು ಜೌಗು ನೆಲಕ್ಕೆ ಒಂದೇ ಕಾಯ್ದೆ ಮಾಡಿದರು. ಗದ್ದೆಯನ್ನು ಗದ್ದೆಯಾಗಿಯೇ ಇಟ್ಟುಕೊಂಡವರಿಗೆ ಅಲ್ಲಿ ಹೆಕ್ಟೇರಿಗೆ ಇಷ್ಟೆಂದು ವರ್ಷಕ್ಕೊಮ್ಮೆ ರಾಯಧನವನ್ನೂ ಕೊಡುತ್ತಾರೆ. ಅಲ್ಲಿ ಎಲ್ಲವೂ ಸರಿಯಿದೆ ಎನ್ನುವುದಿಲ್ಲ. ಗದ್ದೆ ಎಂದರೆ ಅಕ್ಕಿ ಮಾತ್ರವಲ್ಲ, ನೀರು ಎಂಬುದನ್ನು ಕಾಗದದ ಮೇಲಾದರೂ ಒಪ್ಪಿಕೊಂಡಿದ್ದಾರೆ.

ಕಾಯ್ದೆ ಮಾಡುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ನಿಮ್ಮ ಕೈಯಲ್ಲಿರುವುದನ್ನೇ ಕೇಳುತ್ತೇನೆ. ಮಲೆನಾಡಿನ ತಾಲ್ಲೂಕುಗಳ ತರಿ ಜಮೀನಿನಲ್ಲಿ ಇನ್ನೂ ನೀರು ನಿಲ್ಲುವ ಹಡ್ಲುಗಳು ಎಲ್ಲೆಲ್ಲಿವೆ ಎಂದು ಒಂದು ಬಾರಿ ನಡೆದು ನೋಡಿಸಿ. ಜೀಪಿನಲ್ಲಿ ಕುಳಿತು ಅಲ್ಲ, ಬೇಸಿಗೆಯಲ್ಲೂ ಅಲ್ಲ. ಆಶ್ಲೇಷದಲ್ಲಿ ಒಮ್ಮೆ, ಶಿವರಾತ್ರಿಯ ಹೊತ್ತಿಗೆ ಒಮ್ಮೆ. ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಕಾಯ್ದೆಯೇ ಹೇಳುತ್ತದೆ. ಅದರ ದಾಖಲಾತಿಯಲ್ಲಿ ಹಡ್ಲಿಗೆ ಒಂದು ಪುಟ ಕೊಡಿಸಿದರೆ ಬಜೆಟ್ ಬೇಕಾಗುವುದಿಲ್ಲ. ಯಾವ ಯೋಜನೆಯ ದುಡ್ಡಿನಲ್ಲೂ ಹಡ್ಲಿನೊಳಗೆ ಹೊಂಡ, ಬಸಿಗಾಲುವೆ, ಕಾಂಕ್ರೀಟ್ ತೋಡು ಮಾಡಬಾರದೆಂದು ಒಂದು ಸುತ್ತೋಲೆ ಹೊರಡಿಸಿ. ಉದ್ಯೋಗ ಖಾತ್ರಿಯ ದುಡ್ಡಿನಲ್ಲಿ ಚರಂಡಿ ತೋಡುವುದನ್ನು ಬಿಟ್ಟು, ಶುಂಠಿ ಹೋದ ಹಡ್ಲುಗಳ ಹಳೆಯ ಚರಂಡಿಗಳಿಗೆ ಒಡ್ಡು ಕಟ್ಟಿಸಲು ಅವಕಾಶ ಮಾಡಿಕೊಡಿ, ಮೊದಲ ಅರ್ಜಿ ನನ್ನದು. ಹೂಮಳೆ ಬಾರದ ವರ್ಷ ಒಂದು ಕಣಿವೆಯ ಬೆಳೆಗಾರರು ಸ್ಪ್ರಿಂಕ್ಲರನ್ನು ಪಾಳಿಯ ಮೇಲೆ ಹಾಕಿಕೊಳ್ಳುವಂತೆ ಕೂಡಿಸಿ ಮಾತನಾಡಿಸಿ. ಇದಕ್ಕೆ ಬೆಳೆಗಾರರು ಒಪ್ಪುವುದಿಲ್ಲ ಎನ್ನುತ್ತಾರೆ. ಒಬ್ಬೊಬ್ಬರನ್ನೇ ಕೇಳಿದರೆ ನಾನೂ ಒಪ್ಪುವುದಿಲ್ಲ. ಎಲ್ಲರ ಎದುರು ಕೇಳಿದರೆ ಬೇರೆ ಮಾತು.

ಹಡ್ಲು ಉಳಿಸಿಕೊಂಡವನಿಗೆ ಏನಾದರೂ ಸಿಗಬೇಕು ಎಂಬುದನ್ನು ಸಂಕೋಚವಿಲ್ಲದೆ ಹೇಳುತ್ತೇನೆ. ನನ್ನ ಹಡ್ಲಿನಲ್ಲಿ ನಿಂತ ನೀರು ನನಗೆ ಉಪಯೋಗವಾಗುವುದಕ್ಕಿಂತ ಗೊರೂರಿನ ಕೆಳಗಿನವರಿಗೆ ಹೆಚ್ಚು ಉಪಯೋಗವಾಗುತ್ತದೆ. ಅದನ್ನು ನಿಲ್ಲಿಸಿಕೊಂಡ ತಪ್ಪಿಗೆ ಶುಂಠಿಯ ದುಡ್ಡು ಕಳೆದುಕೊಳ್ಳುವವನು ಮಾತ್ರ ನಾನು. ಈ ಲೆಕ್ಕವನ್ನು ಸರಿಪಡಿಸದೆ ರೈತನಿಗೆ ಪರಿಸರದ ಬಗ್ಗೆ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾನೇ ಶಾಲೆಯಲ್ಲಿ ಅಂಥ ಭಾಷಣ ಬೇಕಾದಷ್ಟು ಮಾಡಿದ್ದೇನೆ ಎಂಬುದು ಬೇರೆ ವಿಷಯ.

ಕೊನೆಯದಾಗಿ ಅಳತೆ. ಮಳೆಮಾಪಕಗಳಿವೆ, ಜಲಾಶಯಕ್ಕೆ ಮಟ್ಟದ ಗುರುತಿದೆ. ಹಡ್ಲಿಗೆ ಬೇಕಾದದ್ದು ಗುರುತು ಹಾಕಿದ ಒಂದು ಗೂಟ, ವಾರಕ್ಕೊಮ್ಮೆ ಹೋಗಿ ನೋಡುವ ಒಬ್ಬ ಮನುಷ್ಯ, ಒಂದು ನೋಟ್‌ಬುಕ್ಕು. ಹತ್ತಿರದ ಶಾಲೆಯ ಮಕ್ಕಳು ಸಂತೋಷದಿಂದ ಮಾಡುತ್ತಾರೆ, ಉಂಬಳ (ಜಿಗಣೆ) ಕಚ್ಚಿಸಿಕೊಂಡು ಬಂದು ಮನೆಯಲ್ಲಿ ತೋರಿಸುವುದೇ ಅವರಿಗೊಂದು ಹೆಮ್ಮೆ. ಹತ್ತು ವರ್ಷ ಹೀಗೆ ಬರೆದಿಟ್ಟರೆ, ಹವಾಮಾನ ನಮ್ಮ ನೀರಿಗೆ ಏನು ಮಾಡಿತು, ನಾವು ಏನು ಮಾಡಿಕೊಂಡೆವು ಎಂಬುದನ್ನು ಬೇರೆ ಬೇರೆ ಮಾಡಿ ನೋಡಬಹುದು.

ನಾನು ಕಾಯದೆ ಶುರುಮಾಡಿದ್ದೇನೆ. ಚರಂಡಿ ಕಟ್ಟಿಸಿದ ಮೂರನೆಯ ಒಡ್ಡಿನ ಮೇಲೆ ಒಂದು ಬಿದಿರು ನೆಟ್ಟಿದ್ದೇನೆ, ಅದರ ಗಂಟುಗಳೇ ಗುರುತು. ನೀರು ಎರಡನೆಯ ಗಂಟು ಮುಟ್ಟಿದರೆ ಹಳೆಯ ಜಾಗದಲ್ಲಿ ಜಲ ಏಳಬಹುದು ಎಂದು ನನ್ನ ಅಂದಾಜು. ಇಂದು ಬೆಳಿಗ್ಗೆ ನೋಡಿಕೊಂಡು ಬಂದೆ. ಪುಷ್ಯ ಮಳೆಯ ನಾಲ್ಕನೆಯ ದಿನ, ರಾತ್ರಿ ಸಣ್ಣಗೆ ಸೋನೆ ಹಿಡಿದಿತ್ತು, ನೀರು ಎರಡನೆಯ ಗಂಟಿಗೆ ಮೂರು ಬೆರಳು ಕೆಳಗಿದೆ.

ಇತಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ನಿವೃತ್ತ ಮೇಷ್ಟರು, ಹಾಲಿ ಗದ್ದೆಯವನು